ಹತ್ತು ಸೆಂಟಿನ ಓದುಗ: ಅಮೆರಿಕದ ಅಗ್ಗದ ಕಥಾಪತ್ರಿಕೆಗಳೂ ಗಂಡಸರ ಪತ್ರಿಕೆಗಳೂ



ಸಾಹಿತ್ಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಲೇಖಕರ ಕಡೆಯಿಂದ ಬರೆದುಕೊಂಡು ಬಂದಿದ್ದೇವೆ. ಬರೆದವರು ಯಾರು, ಅವರ ಮೇಲೆ ಯಾರ ಪ್ರಭಾವವಿತ್ತು, ಅವರಿಂದ ಮುಂದೆ ಯಾವ ಪಂಥ ಬೆಳೆಯಿತು ಎಂದು ವಿಚಾರಿಸುತ್ತೇವೆ. ಆ ಬರಹಕ್ಕೆ ದುಡ್ಡು ಕೊಟ್ಟವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಮುಜುಗರಪಡುತ್ತೇವೆ. ಅದು ಗುಮಾಸ್ತರ ಲೆಕ್ಕ, ವಿಮರ್ಶಕರ ಕೆಲಸವಲ್ಲ ಎಂದುಕೊಳ್ಳುತ್ತೇವೆ. ಇಂದು ನಾನು ಎತ್ತಿಕೊಂಡಿರುವ ವಿಷಯದಲ್ಲಿ ಆ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. 1890ರ ದಶಕದಿಂದ 1970ರ ದಶಕದವರೆಗೆ ಅಮೆರಿಕದ ರೈಲು ನಿಲ್ದಾಣಗಳಲ್ಲಿ, ಔಷಧದ ಅಂಗಡಿಗಳಲ್ಲಿ, ಬೀದಿಬದಿಯ ಪೇಪರ್ ಸ್ಟಾಲುಗಳಲ್ಲಿ ಮಾರಾಟವಾದ ಅಗ್ಗದ ಕಥಾಪತ್ರಿಕೆಗಳು, ಅವುಗಳ ಬೆನ್ನಿಗೇ ಬಂದ ಗಂಡಸರ ಪತ್ರಿಕೆಗಳು ನನ್ನ ವಿಷಯ.

ಈ ಪತ್ರಿಕೆಗಳ ಗುಣವನ್ನೂ ದೋಷವನ್ನೂ ನಿರ್ಧರಿಸಿದ್ದು ಲೇಖಕರ ಪ್ರತಿಭೆಗಿಂತ ಹೆಚ್ಚಾಗಿ ಹಣ ಬಂದ ದಾರಿ ಎಂಬುದು ನನ್ನ ವಾದ. ಓದುಗನ ಕಾಸಿನಿಂದ ಬದುಕಿದ ಪತ್ರಿಕೆ ಓದುಗನಿಗೆ ಕಥೆಯನ್ನು ಮಾರಿತು. ಜಾಹೀರಾತಿನಿಂದ ಬದುಕಿದ ಪತ್ರಿಕೆ ಜಾಹೀರಾತುದಾರನಿಗೆ ಓದುಗನನ್ನೇ ಮಾರಿತು. ಈ ಎರಡು ವ್ಯವಹಾರಗಳ ನಡುವಿನ ಜಗ್ಗಾಟದಲ್ಲಿ ಎಂಟು ದಶಕಗಳ ಜನಪ್ರಿಯ ಸಾಹಿತ್ಯ ಹುಟ್ಟಿ, ಬೆಳೆದು, ಮುಗಿದೂ ಹೋಯಿತು.

ಎರಡೂ ವ್ಯವಹಾರಗಳನ್ನು ಒಬ್ಬನೇ ಮನುಷ್ಯ, ಮೂರು ವರ್ಷಗಳ ಅಂತರದಲ್ಲಿ, ಆರಂಭಿಸಿದ ಎಂಬುದು ಈ ಚರಿತ್ರೆಯ ಒಂದು ವಿಶೇಷ. ಫ್ರ್ಯಾಂಕ್ ಮನ್ಸಿ ಮೇನ್ ರಾಜ್ಯದಲ್ಲಿ ತಂತಿ ಕಚೇರಿಯ ನೌಕರನಾಗಿದ್ದವನು. ನ್ಯೂಯಾರ್ಕಿಗೆ ಬಂದು 1882ರ ಡಿಸೆಂಬರಿನಲ್ಲಿ 'ಗೋಲ್ಡನ್ ಆರ್ಗಸಿ' ಎಂಬ ಮಕ್ಕಳ ವಾರಪತ್ರಿಕೆ ತೆಗೆದ. ವರ್ಷಗಟ್ಟಲೆ ಸಾಲದಲ್ಲಿ ಒದ್ದಾಡಿದ. 1893ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ಕೈಯಲ್ಲಿ ಕಾಸಾಡದಿದ್ದ ಹೊತ್ತಿಗೆ, ತನ್ನ ಇನ್ನೊಂದು ಮಾಸಪತ್ರಿಕೆ 'ಮನ್ಸೀಸ್ ಮ್ಯಾಗಜೀನ್'ನ ಬೆಲೆಯನ್ನು 25 ಸೆಂಟಿನಿಂದ 10 ಸೆಂಟಿಗೆ ಇಳಿಸಿಬಿಟ್ಟ. ವಿತರಣೆಯ ಏಕಸ್ವಾಮ್ಯ ಹಿಡಿದಿದ್ದ ಅಮೆರಿಕನ್ ನ್ಯೂಸ್ ಕಂಪನಿಗೆ ಆ ದರ ಒಪ್ಪಿಗೆಯಾಗಲಿಲ್ಲ. ಮನ್ಸಿ ತನ್ನದೇ ವಿತರಣಾ ಸಂಸ್ಥೆ ಕಟ್ಟಿಕೊಂಡ. ಹತ್ತು ಸೆಂಟಿಗೆ ಮಾರಿದರೆ ಅಚ್ಚಿನ ಖರ್ಚೂ ಗಿಟ್ಟುವುದಿಲ್ಲ. ಆದರೆ ಪ್ರಸಾರ ಲಕ್ಷಗಳಿಗೆ ಏರಿದಾಗ ಸಾಬೂನು, ಸೈಕಲ್ಲು, ಓಟ್ಸ್ ಮಾರುವವರು ಪುಟಕ್ಕಿಷ್ಟೆಂದು ಕೊಡಲು ಮುಂದೆ ಬಂದರು. ಆಧುನಿಕ ಪತ್ರಿಕೋದ್ಯಮದ ಲೆಕ್ಕಾಚಾರ ಅಮೆರಿಕದಲ್ಲಿ ಗಟ್ಟಿಯಾದದ್ದು ಆ ವರ್ಷಗಳಲ್ಲಿ.

ಅದೇ ಮನ್ಸಿ 1896ರಲ್ಲಿ 'ಆರ್ಗಸಿ'ಯನ್ನು ತಿರುಗಿಸಿದ್ದು ಬೇರೆ ದಿಕ್ಕಿಗೆ. ಚಿತ್ರ ಬೇಡ, ಲೇಖನ ಬೇಡ, ನುಣುಪು ಕಾಗದ ಬೇಡ. 192 ಪುಟ, ಪೂರ್ತಿ ಕಥೆ, ಹತ್ತು ಸೆಂಟು. ಆ ವರ್ಷದ ಡಿಸೆಂಬರಿನಿಂದ ಅದನ್ನು ಮರದ ತಿರುಳಿನಿಂದ ತಯಾರಿಸಿದ ಒರಟು ಕಾಗದದಲ್ಲಿ ಅಚ್ಚು ಹಾಕಿಸಿದ. ಈ ಜಾತಿಯ ಪತ್ರಿಕೆಗಳಿಗೆ ಪಲ್ಪ್ ಎಂಬ ಹೆಸರು ಬಂದದ್ದು ಆ ಕಾಗದದಿಂದ. ಅವನ ತರ್ಕ ಸರಳವಾಗಿತ್ತು: ಕಥೆ ಚೆನ್ನಾಗಿದ್ದರೆ ಕಾಗದ ಹೇಗಿದ್ದರೂ ಜನ ಓದುತ್ತಾರೆ. ಇಲ್ಲಿ ಜಾಹೀರಾತಿನ ಹಂಗು ಬಹಳ ಕಡಿಮೆ. ಓದುಗ ನಾಣ್ಯವನ್ನು ಕಟ್ಟೆಯ ಮೇಲೆ ಇಡಬೇಕು. ಇಡದಿದ್ದರೆ ಮುಂದಿನ ತಿಂಗಳು ಪತ್ರಿಕೆ ಇಲ್ಲ.

ಇದೆಲ್ಲ ಒಬ್ಬ ಚತುರ ವ್ಯಾಪಾರಿಯ ಸಾಹಸವೆಂದು ಹೇಳಿ ಮುಗಿಸಿದರೆ ಕಾರಣಗಳನ್ನು ಮರೆಮಾಚಿದಂತಾಗುತ್ತದೆ. ಹತ್ತು ಸೆಂಟಿನ ಕಥೆ ಹೊಸದೇನೂ ಅಲ್ಲ. 1860ರಲ್ಲೇ ಬೀಡಲ್ ಸಂಸ್ಥೆ ಆನ್ ಸ್ಟೀಫನ್ಸ್ ಎಂಬ ಲೇಖಕಿಯ 'ಮಲೇಸ್ಕ'ದಿಂದ ಡೈಮ್ ಕಾದಂಬರಿಗಳ ಸಾಲನ್ನು ಶುರುಮಾಡಿತ್ತು. ಅಂತರ್ಯುದ್ಧದ ಶಿಬಿರಗಳಲ್ಲಿ ಸಿಪಾಯಿಗಳು ಅವನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. 1879ರ ಅಂಚೆ ಕಾನೂನು ನಿಯತಕಾಲಿಕೆಗಳಿಗೆ ಎರಡನೆಯ ದರ್ಜೆಯ ರಿಯಾಯಿತಿ ದರ ಕೊಟ್ಟಿತು. 1891ರಲ್ಲಿ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯದ ಕಾನೂನು ಬಂತು. ಅಲ್ಲಿಯವರೆಗೆ ಇಂಗ್ಲೆಂಡಿನ ಕಾದಂಬರಿಗಳನ್ನು ಬಿಡಿಗಾಸೂ ಕೊಡದೆ ಅಚ್ಚು ಹಾಕುತ್ತಿದ್ದ ಅಮೆರಿಕದ ಪ್ರಕಾಶಕರಿಗೆ ಇನ್ನು ಸ್ವದೇಶದ ಲೇಖಕನಿಗೆ ದುಡ್ಡು ಕೊಡುವುದೂ ಲಾಭದ ಮಾತಾಯಿತು. ಮರದ ತಿರುಳಿನ ಕಾಗದ ಅಗ್ಗವಾಯಿತು. ಶಾಲೆಗೆ ಹೋಗಿ ಓದು ಕಲಿತ, ಆದರೆ ಗ್ರಂಥಾಲಯದ ಮೆಟ್ಟಿಲು ಹತ್ತಲು ಹಿಂಜರಿಯುವ ಕಾರ್ಮಿಕವರ್ಗವೊಂದು ನಗರಗಳಲ್ಲಿ ತುಂಬಿಕೊಂಡಿತು. ಇವೆಲ್ಲ ಒಂದೆಡೆ ಸೇರಿದ ಜಾಗದಲ್ಲಿ 'ಆರ್ಗಸಿ' ನಿಂತಿತ್ತು.

ಮುಂದಿನ ನಲವತ್ತು ವರ್ಷ ಪಲ್ಪ್ ಪತ್ರಿಕೆಗಳ ಕಾಲ. ಸ್ಟ್ರೀಟ್ ಆ್ಯಂಡ್ ಸ್ಮಿತ್ ಸಂಸ್ಥೆ 1915ರಲ್ಲಿ ಪತ್ತೇದಾರಿಗೆಂದೇ ಒಂದು ಪತ್ರಿಕೆ, 1919ರಲ್ಲಿ ಪಶ್ಚಿಮದ ಕುದುರೆ ಸವಾರರ ಕಥೆಗಳಿಗೆ ಇನ್ನೊಂದು, 1921ರಲ್ಲಿ ಪ್ರೇಮಕಥೆಗಳಿಗೆ ಮತ್ತೊಂದು ತೆಗೆದು, ಕಥೆಯನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುವ ಪದ್ಧತಿಯನ್ನು ಬೆಳೆಸಿತು. 1923ರಲ್ಲಿ 'ವಿಯರ್ಡ್ ಟೇಲ್ಸ್', 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕನ 'ಅಮೇಜಿಂಗ್ ಸ್ಟೋರೀಸ್' ಬಂದವು. ಇಂದು ಪುಸ್ತಕದಂಗಡಿಯ ಕಪಾಟುಗಳ ಮೇಲೆ ಕಾಣುವ ಪತ್ತೇದಾರಿ, ವಿಜ್ಞಾನ ಕಥೆ, ಭಯಾನಕ ಎಂಬ ಪಂಗಡಗಳು ಗಟ್ಟಿಯಾಗಿ ನೆಲೆಯೂರಿದ್ದು ಈ ಪೇಪರ್ ಸ್ಟಾಲುಗಳಲ್ಲಿ. ಕಾಸು ಕೊಡುವವನಿಗೆ ತನಗೆ ಬೇಕಾದದ್ದು ದೂರದಿಂದಲೇ ಕಣ್ಣಿಗೆ ಬೀಳಬೇಕಿತ್ತು. ಅದಕ್ಕಾಗಿಯೇ ಒಳಗಿನ ಕಾಗದ ಎಷ್ಟು ಒರಟಾದರೂ ಹೊದಿಕೆ ಮಾತ್ರ ನುಣುಪು ಕಾಗದದ ಮೇಲೆ ಬಹುವರ್ಣದಲ್ಲಿ ಮಿಂಚುತ್ತಿತ್ತು. ಎಷ್ಟೋ ಸಲ ಚಿತ್ರವನ್ನು ಮೊದಲು ಬರೆಸಿ, ಅದಕ್ಕೆ ಹೊಂದುವ ಕಥೆಯನ್ನು ಆಮೇಲೆ ಬರೆಸುತ್ತಿದ್ದರು.

ಲೇಖಕನಿಗೆ ಸಂಬಳವಿಲ್ಲ, ಪದಕ್ಕೆ ಒಂದು ಸೆಂಟು, ಕೆಲವೊಮ್ಮೆ ಅರ್ಧ ಸೆಂಟು. ಹೆಸರಾದವರಿಗೆ ಮಾತ್ರ ಮೂರೋ ನಾಲ್ಕೋ. ಜೀವನ ನಡೆಯಬೇಕಾದರೆ ವರ್ಷಕ್ಕೆ ಲಕ್ಷಗಟ್ಟಲೆ ಪದ ಬರೆಯಬೇಕು. 1931ರಲ್ಲಿ ಶುರುವಾದ 'ದಿ ಶ್ಯಾಡೊ' ಪತ್ರಿಕೆಗೆ ವಾಲ್ಟರ್ ಗಿಬ್ಸನ್ ಎಂಬಾತ ಮ್ಯಾಕ್ಸ್‌ವೆಲ್ ಗ್ರ್ಯಾಂಟ್ ಎಂಬ ಸಂಸ್ಥೆಯ ಹೆಸರಿನಲ್ಲಿ ತಿಂಗಳಿಗೆ ಎರಡು ಕಾದಂಬರಿ ಬರೆದುಕೊಟ್ಟ. 325 ಕಾದಂಬರಿಗಳ ಪೈಕಿ 282 ಅವನವು. ಹೊದಿಕೆಯ ಮೇಲೆ ಅವನ ಹೆಸರಿಲ್ಲ. ಈ ದುಡಿಮೆಯನ್ನು ಕಾರ್ಖಾನೆಯ ಪಾಳಿಯೆಂದು ಕರೆದರೆ ಉತ್ಪ್ರೇಕ್ಷೆಯಲ್ಲ. ಅವಸರದ ಬರಹಕ್ಕೆ ಸಹಜವಾದ ಸವಕಲು ಮಾತು, ಪುನರುಕ್ತಿ, ಎಳೆದಾಟ ಎಲ್ಲವೂ ಇಲ್ಲಿ ಹೇರಳವಾಗಿವೆ. ನಾನು ಅದನ್ನು ಮುಚ್ಚಿಡಲಾರೆ. ಆದರೆ ಇದೇ ಒತ್ತಡ ಒಂದೆರಡು ಕಡೆ ಬೇರೆ ಫಲವನ್ನೂ ಕೊಟ್ಟಿತು. ಅವುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದು, 1910ರ ನವೆಂಬರಿನಲ್ಲಿ ಶುರುವಾದ 'ಅಡ್ವೆಂಚರ್'. 1912ರಿಂದ 1927ರವರೆಗೆ ಅದರ ಪ್ರಧಾನ ಸಂಪಾದಕನಾಗಿದ್ದ ಆರ್ಥರ್ ಸಲಿವೆಂಟ್ ಹಾಫ್‌ಮನ್, ಕಥೆಯ ಹಿಂದಿನ ವಾಸ್ತವಕ್ಕೆ ಲೇಖಕನೇ ಜವಾಬ್ದಾರ ಎಂಬ ನಿಯಮವನ್ನು ಬಿಗಿಯಾಗಿ ಹಿಡಿದ. 'ಕ್ಯಾಂಪ್-ಫೈರ್' ಎಂಬ ಪತ್ರ ವಿಭಾಗದಲ್ಲಿ ಲೇಖಕರು ತಮ್ಮ ಕಥೆಯ ಹಿನ್ನೆಲೆ ಹೇಳಬೇಕಿತ್ತು. ಓದುಗರು ತಪ್ಪು ಎತ್ತಿ ತೋರಿಸುತ್ತಿದ್ದರು. ನಾವಿಕರು, ಗಣಿಯವರು, ಮಾಜಿ ಸೈನಿಕರು ಬಂದೂಕಿನ ಒಳರಚನೆ, ಹಾಯಿಯ ಹಗ್ಗ, ಮರುಭೂಮಿಯ ದಾರಿಯ ಬಗ್ಗೆ ತಿದ್ದುಪಡಿ ಬರೆದರು. ದೂರದ ದೇಶಗಳ ಬಗ್ಗೆ ಪ್ರಶ್ನೆ ಕೇಳಿದರೆ ತಿಳಿದವರಿಂದ ಉತ್ತರ ಕೊಡಿಸುವ ವಿಭಾಗವಿತ್ತು. ಸಂಪರ್ಕ ಕಡಿದುಹೋದ ಗೆಳೆಯರನ್ನು ಹುಡುಕಿಕೊಳ್ಳುವ ಅಂಕಣವೂ ಇತ್ತು. ಹತ್ತಿಪ್ಪತ್ತು ಸೆಂಟಿನ ಪತ್ರಿಕೆಯೊಂದು ಊರಿಲ್ಲದ ಜನಕ್ಕೆ ಊರಾಗಿತ್ತು ಎಂದು ನಾನು ಹೇಳುವುದಾದರೆ, ಈ ಪತ್ರಗಳ ಬಲದಿಂದ ಹೇಳುತ್ತೇನೆ. ವಿಮರ್ಶಕರಿಲ್ಲದ ಸಾಹಿತ್ಯವೆಂದು ಪಲ್ಪನ್ನು ಜರೆಯುವವರು ಈ ವಿಭಾಗವನ್ನು ಓದಿರುವುದಿಲ್ಲ.

ನಮಗೆ ನೇರವಾಗಿ ಸಂಬಂಧಪಟ್ಟ ಒಂದು ಎಳೆಯೂ ಇಲ್ಲಿದೆ. ಲಂಡನ್ನಿನಲ್ಲಿ ಹುಟ್ಟಿ ಭಾರತ, ಪೂರ್ವ ಆಫ್ರಿಕಗಳಲ್ಲಿ ಅಲೆದು ಅಮೆರಿಕ ಸೇರಿದ ಟ್ಯಾಲ್ಬಟ್ ಮಂಡಿ 1911ರಲ್ಲಿ 'ಅಡ್ವೆಂಚರ್'ಗೆ ಬರೆದ ಮೊದಲ ಬರಹ ಭಾರತದ ಹಂದಿ ಬೇಟೆಯನ್ನು ಕುರಿತದ್ದು. ಮುಂದೆ ಅವನ ಕಥೆಗಳ ಮೂಲಕ ಖೈಬರ್ ಕಣಿವೆ, ರಾಜಪುತ್ರಿಯರು, ಫಕೀರರು ಅಮೆರಿಕದ ಸಾಮಾನ್ಯ ಓದುಗನ ಮನಸ್ಸಿನಲ್ಲಿ ನೆಲೆಯಾದರು. ಮಂಡಿಗೆ ಸಾಮ್ರಾಜ್ಯದ ಬಗ್ಗೆ ಅನುಮಾನವಿತ್ತು, ಅವನು ಥಿಯಾಸಫಿಯತ್ತ ವಾಲಿದ ಎಂಬುದೆಲ್ಲ ನಿಜ. ಆದರೂ ಅವನ ಭಾರತದಲ್ಲಿ ಹೊಲ ಉಳುವವರಿಲ್ಲ, ಗುಮಾಸ್ತರಿಲ್ಲ, ಅಡುಗೆಮನೆಯಿಲ್ಲ. ನಾಣ್ಯ ಇಡುವ ಓದುಗನಿಗೆ ಬೇಕಾದದ್ದು ಗುಟ್ಟು ತುಂಬಿದ ಪೂರ್ವ. ಅವನಿಗೆ ಸಿಕ್ಕಿದ್ದೂ ಅದೇ. ಬಂದೂಕಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ತಪ್ಪು ಹಿಡಿಯುತ್ತಿದ್ದ 'ಕ್ಯಾಂಪ್-ಫೈರ್'ನ ಸುತ್ತ ಈ ತಪ್ಪನ್ನು ಹಿಡಿಯಬಲ್ಲ ಭಾರತದ ಹಳ್ಳಿಗ ಕೂತಿರಲಿಲ್ಲ. ಓದುಗನ ಆಳ್ವಿಕೆಗೆ ಇದ್ದ ಮಿತಿ ಇದು: ಓದುವವರ ಗುಂಪಿನಾಚೆಗೆ ಅವರ ನ್ಯಾಯಬುದ್ಧಿ ದಾಟುವುದಿಲ್ಲ.

ಎರಡನೆಯದು 'ಬ್ಲ್ಯಾಕ್ ಮಾಸ್ಕ್'. 1920ರಲ್ಲಿ ಇದನ್ನು ಆರಂಭಿಸಿದವರು ಎಚ್. ಎಲ್. ಮೆಂಕನ್ ಮತ್ತು ಜಾರ್ಜ್ ಜೀನ್ ನೇಥನ್. ತಮ್ಮ ಪ್ರತಿಷ್ಠಿತ 'ಸ್ಮಾರ್ಟ್ ಸೆಟ್' ಪತ್ರಿಕೆಯ ನಷ್ಟ ತುಂಬಿಕೊಳ್ಳಲು ಅವರಿಗೆ ದುಡ್ಡು ಬೇಕಿತ್ತು. ಪತ್ರಿಕೆಯ ಬಗ್ಗೆ ಅವರಿಗೆ ಗೌರವವಿರಲಿಲ್ಲ. ಕೆಲವೇ ತಿಂಗಳಲ್ಲಿ 12,500 ಡಾಲರಿಗೆ ಮಾರಿಬಿಟ್ಟರು. ಉನ್ನತ ಸಾಹಿತ್ಯದ ಪತ್ರಿಕೆಯನ್ನು ಅಗ್ಗದ ಪತ್ತೇದಾರಿ ಸಾಕಿತು ಎಂಬ ಈ ಒಂದು ಸಂಗತಿಯೇ ಮೇಲು-ಕೀಳಿನ ನಮ್ಮ ಲೆಕ್ಕಗಳನ್ನು ಮತ್ತೆ ನೋಡುವಂತೆ ಮಾಡಬೇಕು.

ಪಿಂಕರ್‌ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿ, ಕ್ಷಯದಿಂದ ಬಳಲಿ ಹೊರಬಂದ ಡ್ಯಾಶಿಯಲ್ ಹ್ಯಾಮೆಟ್ 1923ರ ಅಕ್ಟೋಬರಿನಲ್ಲಿ ಅಲ್ಲಿ ಒಬ್ಬ ಹೆಸರಿಲ್ಲದ ಪತ್ತೇದಾರನನ್ನು ತಂದ. ಕುಳ್ಳಗೆ, ದಪ್ಪಗೆ, ನಡುವಯಸ್ಸಿನ ಆ ಮನುಷ್ಯ ಕಂಪನಿಯ ಸಂಬಳಗಾರ. ಮಾಡಿದ ಖರ್ಚಿಗೆ ಲೆಕ್ಕ ಕೊಡಬೇಕು, ಮೇಲಧಿಕಾರಿಗೆ ವರದಿ ಬರೆಯಬೇಕು. ಇಂಗ್ಲೆಂಡಿನ ಪತ್ತೇದಾರಿ ಕಥೆಯಲ್ಲಿ ಶ್ರೀಮಂತರ ಬಂಗಲೆಯೊಳಗಿನ ಒಗಟಾಗಿದ್ದ ಕೊಲೆ, ಇಲ್ಲಿ ಕಲುಷಿತವಾದ ಊರೊಂದರ ದಿನನಿತ್ಯದ ವ್ಯವಹಾರವಾಯಿತು. 1926ರಲ್ಲಿ ಸಂಪಾದಕನಾಗಿ ಬಂದ ಜೋಸೆಫ್ ಶಾ ಆ ಗದ್ಯವನ್ನೇ ಪತ್ರಿಕೆಯ ಮಾದರಿಯಾಗಿಸಿದ: ವಿಶೇಷಣ ಕಡಿಮೆ, ಕ್ರಿಯೆ ಹೆಚ್ಚು, ಮಾತು ಮಾತಿನಂತೆ. 1929ರ ಸೆಪ್ಟೆಂಬರಿನಿಂದ 'ದಿ ಮಾಲ್ಟೀಸ್ ಫಾಲ್ಕನ್' ಇಲ್ಲಿ ಧಾರಾವಾಹಿಯಾಯಿತು. 1933ರ ಡಿಸೆಂಬರಿನಲ್ಲಿ, ತೈಲ ಕಂಪನಿಯ ಕೆಲಸ ಕಳೆದುಕೊಂಡಿದ್ದ ರೇಮಂಡ್ ಚಾಂಡ್ಲರನ ಮೊದಲ ಪತ್ತೇದಾರಿ ಕಥೆ ಇಲ್ಲೇ ಪ್ರಕಟವಾಯಿತು.

ಈ ಪತ್ರಿಕೆಯ ಜಾಹೀರಾತುಗಳನ್ನು ಪರಿಶೀಲಿಸಿದ ಎರಿನ್ ಸ್ಮಿತ್ ಎಂಬ ವಿದ್ವಾಂಸೆ ಮುಖ್ಯವಾದ ಮಾತೊಂದನ್ನು ತೋರಿಸಿಕೊಟ್ಟಿದ್ದಾರೆ. ಅಂಚೆ ಮೂಲಕ ಕಲಿಯುವ ರೇಡಿಯೊ ರಿಪೇರಿ, ವಿದ್ಯುತ್ ಕೆಲಸ, ದೇಹ ಬೆಳೆಸುವ ವ್ಯಾಯಾಮ, ತಪ್ಪಿಲ್ಲದೆ ಮಾತಾಡುವ ಪಾಠ – ಇವೇ ಅಲ್ಲಿಯ ಸರಕು. ಅಂದರೆ ಅಲ್ಪಸ್ವಲ್ಪ ಬರುತ್ತಿದ್ದ ಜಾಹೀರಾತೂ ಕೈಕೆಲಸದ ಕಾರ್ಮಿಕನನ್ನು ಉದ್ದೇಶಿಸಿದ್ದು. ಯಂತ್ರದ ಮುಂದೆ ನಿಂತು ಇನ್ನೊಬ್ಬರ ಗಡಿಯಾರಕ್ಕೆ ದುಡಿಯುತ್ತಿದ್ದವನಿಗೆ, ತನ್ನ ಕೆಲಸವನ್ನು ತನ್ನದೇ ರೀತಿಯಲ್ಲಿ ಮಾಡುವ ಹ್ಯಾಮೆಟನ ಪತ್ತೇದಾರ ಯಾಕೆ ಹಿಡಿಸಿದನೆಂದು ಆಗ ಅರ್ಥವಾಗುತ್ತದೆ. ಕಥೆಯನ್ನು ಮಾತ್ರ ಓದಿದರೆ ಇದು ಹೊಳೆಯುವುದಿಲ್ಲ.

ಓದುಗನನ್ನು ಒಡೆಯನೆಂದು ಹೊಗಳಿದ ನಾನು, ಆ ಒಡೆಯನ ಮುಖವನ್ನೂ ಪೂರ್ತಿ ತೋರಿಸಬೇಕು. 1923ರ ಜೂನಿನಲ್ಲಿ 'ಬ್ಲ್ಯಾಕ್ ಮಾಸ್ಕ್' ಕೂ ಕ್ಲಕ್ಸ್ ಕ್ಲಾನ್ ಕುರಿತು ವಿಶೇಷ ಸಂಚಿಕೆ ತೆಗೆಯಿತು. ಕರಿಯರನ್ನು ಸುಟ್ಟು ನೇಣಿಗೇರಿಸುತ್ತಿದ್ದ ಕಾಲದ ಸಂಘಟನೆಯದು. ಕ್ಲಾನಿನ ವಿರುದ್ಧ ಹೋರಾಡುವ ನಾಯಕನ ಕಥೆ ಅದರಲ್ಲಿತ್ತು; ಪರ-ವಿರೋಧ ಎರಡೂ ಪತ್ರಗಳಿಗೆ ಪತ್ರಿಕೆ ಜಾಗವನ್ನೂ ಕೊಟ್ಟಿತು. ಕ್ಲಾನಿಗರೂ ಕಾಸು ಕೊಡುವ ಓದುಗರೇ ಆಗಿದ್ದರು. ಆ ನಡೆ ನನಗೆ ಅಸಹ್ಯ ಹುಟ್ಟಿಸುತ್ತದೆ. ಮಾರುಕಟ್ಟೆ ಯಾರನ್ನೂ ಬಿಟ್ಟುಕೊಡದ ಕಡೆ ಪತ್ರಿಕೆಯ ಆತ್ಮಸಾಕ್ಷಿ ತಟಸ್ಥವಾಗುತ್ತದೆ. ಪಲ್ಪುಗಳ ಕಪ್ಪು ಪಾತ್ರಗಳು, ಚೀನೀ ಖಳರು ಬಹುಪಾಲು ಅವಮಾನದ ಅಚ್ಚಿನಲ್ಲೇ ತಯಾರಾದವರು.

ಹೆಂಗಸರ ವಿಷಯ ಇಷ್ಟು ಸರಳವಲ್ಲ. ಪಲ್ಪ್ ಗಂಡಸರ ಲೋಕವೆಂಬ ನಂಬಿಕೆ ತಪ್ಪು. ಈ ವರ್ಗದ ಪತ್ರಿಕೆಗಳಲ್ಲಿ ಅತಿ ಹೆಚ್ಚು ಮಾರಾಟವಾದವುಗಳ ಸಾಲಿನಲ್ಲಿ 'ಲವ್ ಸ್ಟೋರಿ' ವಾರಪತ್ರಿಕೆ ಇತ್ತು. 1928ರಿಂದ ಸುಮಾರು ಎರಡು ದಶಕ ಅದನ್ನು ನಡೆಸಿದವರು ಡೇಸಿ ಬೇಕನ್. 'ವಿಯರ್ಡ್ ಟೇಲ್ಸ್'ನ ಹೊದಿಕೆಗಳಿಗೆ 1930ರ ದಶಕದಲ್ಲಿ ಬೆತ್ತಲೆ ಹೆಣ್ಣುಗಳ ಪೇಸ್ಟಲ್ ಚಿತ್ರ ಬರೆದು ಗದ್ದಲವೆಬ್ಬಿಸಿದ ಎಂ. ಬ್ರಂಡೇಜ್, ಮಾರ್ಗರೆಟ್ ಎಂಬ ಹೆಂಗಸು. ಅದೇ ಪತ್ರಿಕೆಯಲ್ಲಿ ಸಿ. ಎಲ್. ಮೂರ್ ಎಂದು ಸಹಿ ಹಾಕಿದವರ ಹೆಸರು ಕ್ಯಾಥರೀನ್. ಕಥೆಯೇ ಮುಖ್ಯವಾದ ಕಡೆ ಬರೆಯುವವರು ಯಾರೆಂದು ಓದುಗ ಹೆಚ್ಚು ವಿಚಾರಿಸಲಿಲ್ಲ. ಹೆಸರಿನ ಮೊದಲಕ್ಷರಗಳ ಮರೆಯಲ್ಲಿ ಹೆಂಗಸರು ದುಡಿದರು, ಗಳಿಸಿದರು.

'ಗಂಡಸು' ಎಂಬುದನ್ನೇ ಒಂದು ಮಾರುಕಟ್ಟೆಯಾಗಿ ಕಟ್ಟಿದ್ದು 1933ರ ಶರತ್ಕಾಲದಲ್ಲಿ ಬಂದ 'ಎಸ್ಕ್ವೈರ್'. ಇದರ ಹುಟ್ಟೇ ಬಟ್ಟೆ ವ್ಯಾಪಾರದಲ್ಲಿ. ಪ್ರಕಾಶಕ ಡೇವಿಡ್ ಸ್ಮಾರ್ಟ್, ಸಂಪಾದಕ ಆರ್ನಲ್ಡ್ ಗಿಂಗ್ರಿಚ್ ಗಂಡಸರ ಉಡುಪಿನ ಅಂಗಡಿಗಳಿಗೆ ಕೈಪಿಡಿಗಳನ್ನು ತಯಾರಿಸುತ್ತಿದ್ದವರು. ಮೊದಲ ಸಂಚಿಕೆಯ ಸುಮಾರು 1,05,000 ಪ್ರತಿಗಳಲ್ಲಿ ಒಂದು ಲಕ್ಷವನ್ನು ಉಡುಪಿನ ಅಂಗಡಿಗಳಿಗೇ ಕಳಿಸುವ ಯೋಜನೆಯಿತ್ತು. ಪೇಪರ್ ಸ್ಟಾಲುಗಳಲ್ಲಿಟ್ಟ ಐದು ಸಾವಿರ ಕ್ಷಣದಲ್ಲಿ ಖಾಲಿಯಾದಾಗ, ಅಂಗಡಿಗಳಿಂದ ಪ್ರತಿಗಳನ್ನು ವಾಪಸು ತರಿಸಿ ಬೀದಿಗೆ ಕಳಿಸಬೇಕಾಯಿತು. ಬೆಲೆ ಐವತ್ತು ಸೆಂಟು. ಆರ್ಥಿಕ ಕುಸಿತದ ನಡುಮಧ್ಯೆ ಪಲ್ಪ್ ಪತ್ರಿಕೆಯ ಐದರಷ್ಟು.

ಬಟ್ಟೆಬರೆಯಲ್ಲಿ, ಸುಗಂಧದಲ್ಲಿ ಆಸಕ್ತಿ ತೋರುವುದು ಗಂಡಸಿಗೆ ತಕ್ಕದ್ದಲ್ಲ ಎಂದು ಭಾವಿಸಿದ್ದ ಸಮಾಜದಲ್ಲಿ, ಅದನ್ನು ಕೊಳ್ಳಲು ಓದುಗನಿಗೆ ಧೈರ್ಯ ಕೊಡಬೇಕಿತ್ತು. ಅದಕ್ಕೆ ಹೆಮಿಂಗ್ವೆಯ ಮೀನುಬೇಟೆಯ ಬರಹ ಒಂದು ಪಕ್ಕದಲ್ಲಿ, ತೆಳ್ಳನೆಯ ಉಡುಪಿನ ಹೆಣ್ಣುಗಳ ಚಿತ್ರ ಇನ್ನೊಂದು ಪಕ್ಕದಲ್ಲಿ ಕಾವಲು ನಿಂತವು. ಹೀಗೆ ಹೇಳಿದರೆ 'ಎಸ್ಕ್ವೈರ್'ನ ಸಾಹಿತ್ಯ ನೆಪಮಾತ್ರದ್ದು ಎಂದಾಗುವುದಿಲ್ಲ. 1936ರಲ್ಲಿ ಫಿಟ್ಸ್‌ಜೆರಾಲ್ಡ್ ತನ್ನ ಕುಸಿತವನ್ನು ತಾನೇ ಬರೆದುಕೊಂಡ 'ದಿ ಕ್ರ್ಯಾಕ್-ಅಪ್', ಹೆಮಿಂಗ್ವೆಯ 'ದಿ ಸ್ನೋಸ್ ಆಫ್ ಕಿಲಿಮಂಜಾರೊ' ಅಲ್ಲಿ ಬಂದವು. ಪತ್ರಿಕೆಯ ಮೀಸೆಯ ಗುರುತುಚಿತ್ರ ಎಸ್ಕಿಯನ್ನು ರೂಪಿಸಿದ ಇ. ಸಿಮ್ಸ್ ಕ್ಯಾಂಬೆಲ್, ಮುಖ್ಯಧಾರೆಯ ದೊಡ್ಡ ಪತ್ರಿಕೆಗಳಲ್ಲಿ ನೆಲೆ ಕಂಡುಕೊಂಡ ಮೊದಲ ಕಪ್ಪು ವ್ಯಂಗ್ಯಚಿತ್ರಕಾರರಲ್ಲಿ ಒಬ್ಬ; ಅವನ ಗೆರೆಗಳನ್ನು ಮೆಚ್ಚಿದ ಓದುಗರಲ್ಲಿ ಹೆಚ್ಚಿನವರಿಗೆ ಅವನ ಬಣ್ಣ ಗೊತ್ತಿರಲಿಲ್ಲ. ಜಾಹೀರಾತಿನ ಹಣದಿಂದ ಒಳ್ಳೆಯ ಸಾಹಿತ್ಯ ಬರಲಾರದೆಂದು ನಾನು ಹೇಳುತ್ತಿಲ್ಲ. ಆ ಹಣ ಬಂದಾಗ ಓದುಗ ಯಾವ ವರ್ಗದವನೆಂಬುದು ಮೊದಲೇ ತೀರ್ಮಾನವಾಗಿರುತ್ತದೆ ಎನ್ನುತ್ತಿದ್ದೇನೆ. ಕಾರ್ಖಾನೆಯ ಕಾರ್ಮಿಕ 'ಎಸ್ಕ್ವೈರ್'ಗೆ ಬೇಕಿರಲಿಲ್ಲ.

ಅಂಚೆಯ ರಿಯಾಯಿತಿ ದರ ಎಷ್ಟು ದೊಡ್ಡ ಆಯುಧವೆಂಬುದು 1943ರಲ್ಲಿ ತಿಳಿಯಿತು. ಪೋಸ್ಟ್‌ಮಾಸ್ಟರ್ ಜನರಲ್ ಫ್ರ್ಯಾಂಕ್ ವಾಕರ್, 'ಎಸ್ಕ್ವೈರ್' ಸಾರ್ವಜನಿಕ ಹಿತಕ್ಕೆ ಏನೂ ಕೊಡುಗೆ ನೀಡುತ್ತಿಲ್ಲವೆಂದು ಅದರ ಎರಡನೆಯ ದರ್ಜೆಯ ಪರವಾನಗಿ ರದ್ದು ಮಾಡಿದ. ಪತ್ರಿಕೆಗೆ ವರ್ಷಕ್ಕೆ ಸುಮಾರು ಐದು ಲಕ್ಷ ಡಾಲರ್ ಹೆಚ್ಚುವರಿ ಹೊರೆ. 1946ರಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಆ ಆದೇಶವನ್ನು ತಳ್ಳಿಹಾಕಿತು. ಯಾವುದು ಒಳ್ಳೆಯ ಸಾಹಿತ್ಯ, ಯಾವುದು ಅಲ್ಲ ಎಂದು ತೂಗುವ ಅಧಿಕಾರ ಅಂಚೆ ಇಲಾಖೆಗಿಲ್ಲ ಎಂಬುದು ತೀರ್ಪಿನ ಸಾರ. ಆದರೆ ಅಷ್ಟು ದೂರ ವಕೀಲರನ್ನಿಟ್ಟು ಹೋರಾಡುವ ಶಕ್ತಿ ಎಲ್ಲರಿಗಿರಲಿಲ್ಲ. ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯ 1942ರಲ್ಲಿ ಗದರಿದಾಗ 'ಸ್ಪೈಸಿ' ಎಂಬ ಹೆಸರಿನ ಅಗ್ಗದ ಪಲ್ಪುಗಳು ಹೆಸರು ಬದಲಿಸಿ, ಹೆಣ್ಣುಗಳಿಗೆ ಬಟ್ಟೆ ತೊಡಿಸಿ ತೆಪ್ಪಗಾದವು.

ಎರಡನೆಯ ಮಹಾಯುದ್ಧ ಪಲ್ಪಿನ ಬೇರನ್ನು ಸಡಿಲಿಸಿತು. ಕಾಗದಕ್ಕೆ ಪಡಿತರ ಬಂತು. 1939ರಲ್ಲಿ ಪಾಕೆಟ್ ಬುಕ್ಸ್ ಸಂಸ್ಥೆ 25 ಸೆಂಟಿಗೆ ಇಡೀ ಕಾದಂಬರಿಯನ್ನೇ ಕೊಡತೊಡಗಿತ್ತು. ಸೈನಿಕರಿಗೆಂದು 1943ರಿಂದ 1947ರವರೆಗೆ ಸುಮಾರು 12 ಕೋಟಿ ಕಿರುಪುಸ್ತಕಗಳು ಉಚಿತವಾಗಿ ಹಂಚಿಕೆಯಾದವು. ಕಾಮಿಕ್ಸ್ ಕಿರಿಯ ಓದುಗರನ್ನು ಸೆಳೆದವು, ಟಿವಿ ಉಳಿದವರನ್ನು. 1949ರಲ್ಲಿ ಸ್ಟ್ರೀಟ್ ಆ್ಯಂಡ್ ಸ್ಮಿತ್ ಒಂದನ್ನು ಬಿಟ್ಟು ತನ್ನ ಪಲ್ಪುಗಳನ್ನೆಲ್ಲ ನಿಲ್ಲಿಸಿತು.

ಆದರೆ ಸುಮಾರು 1 ಕೋಟಿ 60 ಲಕ್ಷ ಅಮೆರಿಕನ್ನರು ಆ ಯುದ್ಧದಲ್ಲಿ ಸಮವಸ್ತ್ರ ತೊಟ್ಟಿದ್ದರು. ಮನೆಗೆ ಮರಳಿದ ಅವರಿಗೆ ಅಲ್ಲಿ ಕಂಡದ್ದನ್ನು ಹೇಳಿಕೊಳ್ಳುವ ಜಾಗವಿರಲಿಲ್ಲ. ಕೇಳುವ ಕಿವಿಯೂ ಇರಲಿಲ್ಲ. ಹೊಸ ಗಂಡಸರ ಪತ್ರಿಕೆಗಳು ಹೊಕ್ಕದ್ದು ಈ ಮೌನದೊಳಕ್ಕೆ. ಪಾಪ್ಯುಲರ್ ಪಬ್ಲಿಕೇಷನ್ಸಿನ ಹೆನ್ರಿ ಸ್ಟೀಗರ್ ಕೊಂಡುಕೊಂಡಿದ್ದ 'ಆರ್ಗಸಿ' 1943ರಲ್ಲಿ ನುಣುಪು ಕಾಗದಕ್ಕೆ ಬಂತು, ಕಥೆಯ ಜೊತೆಗೆ ನಿಜ ಘಟನೆಗಳನ್ನು ಹಾಕತೊಡಗಿತು. ಫಾಸೆಟ್ ಸಂಸ್ಥೆಯ 'ಟ್ರೂ' ಹತ್ತು ಲಕ್ಷ ಪ್ರತಿಗಳ ಗಡಿ ದಾಟಿತು. ಹೆಸರಾಂತ ಪತ್ತೇದಾರಿ ಲೇಖಕ, ವೃತ್ತಿಯಿಂದ ವಕೀಲನಾಗಿದ್ದ ಅರ್ಲ್ ಸ್ಟ್ಯಾನ್ಲಿ ಗಾರ್ಡನರ್ 1948ರಿಂದ 'ಆರ್ಗಸಿ'ಯಲ್ಲಿ, ತಪ್ಪಾಗಿ ಶಿಕ್ಷೆಗೊಳಗಾದ ಬಡ ಕೈದಿಗಳ ಪ್ರಕರಣಗಳನ್ನು ತಜ್ಞರ ತಂಡ ಕಟ್ಟಿಕೊಂಡು ಮರುಪರಿಶೀಲಿಸಿದ. ಕೆಲವರಿಗೆ ಬಿಡುಗಡೆ ಸಿಕ್ಕಿತು. ಕಲ್ಪಿತ ಪತ್ತೇದಾರಿಯಿಂದ ಗಳಿಸಿದ ಓದುಗರ ವಿಶ್ವಾಸವನ್ನು ನಿಜವಾದ ಸೆರೆಮನೆಯ ಬಾಗಿಲಿಗೆ ಒಯ್ದ ಇಂಥ ಉದಾಹರಣೆ ಜನಪ್ರಿಯ ಸಾಹಿತ್ಯದ ಚರಿತ್ರೆಯಲ್ಲಿ ವಿರಳ. ಇದನ್ನು ನಾನು ಈ ಪರಂಪರೆಯ ಅತ್ಯಂತ ಗೌರವದ ಪುಟವೆಂದು ಭಾವಿಸುತ್ತೇನೆ.

ಇದರ ಕೆಳಗಿನ ಅಂತಸ್ತಿನಲ್ಲಿ ನಡೆದದ್ದು ಬೇರೆ. 1950, 60ರ ದಶಕಗಳಲ್ಲಿ 'ಸ್ಟ್ಯಾಗ್', 'ಮೇಲ್', 'ಮ್ಯಾನ್ಸ್ ಲೈಫ್' ಮುಂತಾದ ನೂರಕ್ಕೂ ಹೆಚ್ಚು ಸಾಹಸ ಪತ್ರಿಕೆಗಳು ಬಂದವು. ಹೊದಿಕೆಯಲ್ಲಿ ಅಂಗಿ ಹರಿದ ಗಂಡಸು, ಕಟ್ಟಿಹಾಕಿದ ಹೆಣ್ಣು, ನಾಜಿ ಅಧಿಕಾರಿ, ಇಲ್ಲವೇ ಮೈಮೇಲೆ ಮುಗಿಬಿದ್ದ ಪ್ರಾಣಿಗಳು. ಇವುಗಳಲ್ಲಿ ಹಲವು ಮಾರ್ಟಿನ್ ಗುಡ್‌ಮನ್ನನ ಮ್ಯಾಗಜೀನ್ ಮ್ಯಾನೇಜ್‌ಮೆಂಟ್ ಸಂಸ್ಥೆಯವು. ಮುಂದೆ ಮಾರ್ವೆಲ್ ಆದ ಕಾಮಿಕ್ಸಿನ ಒಡೆಯನೂ ಅವನೇ. ಕಾದಂಬರಿಕಾರ ಬ್ರೂಸ್ ಜೇ ಫ್ರೀಡ್‌ಮನ್ ಅಲ್ಲಿ ಸಂಪಾದಕ. ಮಾರಿಯೊ ಪೂಜೊ ಅಲ್ಲಿ ಮಾರಿಯೊ ಕ್ಲೇರಿ ಎಂಬ ಹೆಸರಿನಲ್ಲಿ ಯುದ್ಧಕಥೆ ಬರೆದು ಸಂಸಾರ ನಡೆಸಿದ. 1969ರಲ್ಲಿ 'ದಿ ಗಾಡ್‌ಫಾದರ್' ಬರೆಯುವ ಕೈ ಪಳಗಿದ್ದು ಆ ಮೇಜಿನ ಮುಂದೆ.

ಇಲ್ಲಿ ನನಗೆ ಗಂಭೀರವಾದ ತಕರಾರಿದೆ. ಪಲ್ಪ್ ತಾನು ಕಥೆಯೆಂದು ಹೇಳಿಕೊಂಡೇ ಕಥೆ ಮಾರಿತು. ಈ ಪತ್ರಿಕೆಗಳು ನಡೆಯದ ಕದನಗಳನ್ನು ನಿಜವೆಂದು, ಹುಟ್ಟದ ವೀರರನ್ನು ಸಾಕ್ಷಿಗಳೆಂದು ಮಾರಿದವು. ಅಲ್ಲಿ ದುಡಿದವರೇ ಮುಂದೆ ಬರೆದ ನೆನಪುಗಳಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ. ಯುದ್ಧದಲ್ಲಿ ನಿಜವಾಗಿ ನರಳಿದವನ ಅನುಭವಕ್ಕೆ ಮಾತು ಬೇಕಿದ್ದ ಹೊತ್ತಿನಲ್ಲಿ ಅವನಿಗೆ ಸಿಕ್ಕಿದ್ದು ಸೋಲರಿಯದ, ಭಯವರಿಯದ ಇನ್ನೊಬ್ಬನ ಮುಖವಾಡ. ಭಯಪಟ್ಟಿದ್ದೆ, ಓಡಿದ್ದೆ, ಈಗಲೂ ರಾತ್ರಿ ನಿದ್ದೆಯಿಲ್ಲ ಎಂದು ಹೇಳುವ ನಾಯಕನಿಗೆ ಆ ಪುಟಗಳಲ್ಲಿ ಜಾಗ ಸಿಗುವುದು ಕಷ್ಟವಿತ್ತು. ಹೆಣ್ಣಿನ ಹಿಂಸೆಯನ್ನು ಹೊದಿಕೆಯ ಅಲಂಕಾರವಾಗಿಸಿದ್ದು, ಯಾತನಾ ಶಿಬಿರಗಳ ನೆನಪು ಇನ್ನೂ ಹಸಿಯಾಗಿದ್ದಾಗ ಅದನ್ನು ಕಾಮಪ್ರಚೋದನೆಗೆ ಬಳಸಿದ್ದು – ಕಾಲದ ಅಭಿರುಚಿಯೆಂದು ಹೇಳಿ ಇದನ್ನು ಮನ್ನಿಸಲು ನನಗೆ ಸಾಧ್ಯವಿಲ್ಲ. ಮಾರ್ಟ್ ಕುನ್‌ಸ್ಟ್‌ಲರ್, ಜೇಮ್ಸ್ ಬಾಮಾ, ನಾರ್ಮನ್ ಸಾಂಡರ್ಸ್ ಅಂಥ ನುರಿತ ಚಿತ್ರಕಾರರು ಅಲ್ಲಿ ದುಡಿದರೆಂಬುದೂ, ಅವರ ಕುಂಚದ ಬಲ ಇಂದಿಗೂ ಬೆರಗು ಹುಟ್ಟಿಸುತ್ತದೆ ಎಂಬುದೂ ಈ ಮಾತನ್ನು ಬದಲಿಸುವುದಿಲ್ಲ.

ಈ ಪತ್ರಿಕೆಗಳನ್ನು ಮುಗಿಸಿದ್ದು ನೀತಿವಾದಿಗಳಲ್ಲ, ಮತ್ತೆ ಹಣದ ದಾರಿಯೇ. 'ಎಸ್ಕ್ವೈರ್'ನಲ್ಲಿ ಕೆಲಸ ಮಾಡಿದ್ದ ಹ್ಯೂ ಹೆಫ್ನರ್ 1953ರ ಡಿಸೆಂಬರಿನಲ್ಲಿ ಹೊಸ ಪತ್ರಿಕೆ ತಂದ. ಅದಕ್ಕೆ ಮೊದಲು ಇಟ್ಟಿದ್ದ 'ಸ್ಟ್ಯಾಗ್ ಪಾರ್ಟಿ' ಎಂಬ ಹೆಸರಿಗೆ 'ಸ್ಟ್ಯಾಗ್' ಪತ್ರಿಕೆಯವರು ತಕರಾರು ತೆಗೆದದ್ದರಿಂದ ಅದು 'ಪ್ಲೇಬಾಯ್' ಆಯಿತು. ಕಾಡು, ಕದನ, ಕರಡಿಗಳನ್ನು ಬಿಟ್ಟು ಅದು ಗಂಡಸನ್ನು ಸೋಫಾದ ಮೇಲೆ ಕೂರಿಸಿತು. ಸ್ಟೀರಿಯೊ, ಮದ್ಯ, ಕಾರು ಮಾರುವವರಿಗೆ ಬೇಕಾದವನು ಆ ಕೂತ ಗಂಡಸು. ಹರ್ನಿಯಾ ಪಟ್ಟಿಯ, ಅಂಚೆ ಕೋರ್ಸಿನ ಜಾಹೀರಾತುಗಳನ್ನು ನೆಚ್ಚಿದ್ದ ಸಾಹಸ ಪತ್ರಿಕೆಗಳಿಗೆ ಅಂಥ ಗಿರಾಕಿ ಸಿಗಲಿಲ್ಲ. 1957ರಲ್ಲಿ ಅಮೆರಿಕನ್ ನ್ಯೂಸ್ ಕಂಪನಿ ದೇಶವ್ಯಾಪಿ ವಿತರಣೆಯಿಂದ ಹಿಂದೆ ಸರಿದಾಗ ಸಣ್ಣ ಪತ್ರಿಕೆಗಳಿಗೆ ಪೇಪರ್ ಸ್ಟಾಲು ತಲುಪುವುದೇ ಕಷ್ಟವಾಯಿತು. ವಿಯೆಟ್ನಾಂ ಯುದ್ಧದ ವರದಿ ಟಿವಿಯಲ್ಲಿ ಮನೆಮನೆಗೆ ಬಂದ ಮೇಲೆ ಕಲ್ಪಿತ ಕದನವನ್ನು ನಂಬುವವರೂ ಉಳಿಯಲಿಲ್ಲ. 1970ರ ದಶಕ ಮುಗಿಯುವ ಹೊತ್ತಿಗೆ ಮನ್ಸಿಯ 'ಆರ್ಗಸಿ' ಕೂಡ ನಿಂತಿತ್ತು.

ಬಂಧುಗಳೇ, ಈ ಸಾಹಿತ್ಯದ ಒಂದು ತುಣುಕು ಈಗ ಗೌರವದ ಕಪಾಟು ಸೇರಿದೆ. ಅಮೆರಿಕದ ಶಿಷ್ಟ ಕೃತಿಗಳನ್ನು ಪ್ರಕಟಿಸುವ ಲೈಬ್ರರಿ ಆಫ್ ಅಮೆರಿಕ ಮಾಲೆಯಲ್ಲಿ ಚಾಂಡ್ಲರ್, ಹ್ಯಾಮೆಟ್, 'ವಿಯರ್ಡ್ ಟೇಲ್ಸ್'ನ ಭಯಾನಕ ಕಥೆಗಾರ ಲವ್‌ಕ್ರಾಫ್ಟ್ ಇದ್ದಾರೆ. ಅದು ಸಂತೋಷದ ಮಾತು. ಆದರೆ ಹಾಗೆ ಸೇರುವಾಗ ಅವರ ಕಥೆಗಳು ತಮ್ಮ ಸಂಚಿಕೆಯಿಂದ ಬೇರ್ಪಟ್ಟವು. ಅಕ್ಕಪಕ್ಕದ ಕಳಪೆ ಕಥೆ, ರೇಡಿಯೊ ಕೋರ್ಸಿನ ಜಾಹೀರಾತು, ಓದುಗರ ಪತ್ರ, ಸಂಪಾದಕನ ಟಿಪ್ಪಣಿ ಎಲ್ಲ ಹಿಂದೆ ಬಿದ್ದವು. ನಾನು ಈವರೆಗೆ ಹೇಳಿದ್ದಕ್ಕೆ ಆಧಾರವೆಲ್ಲ ಇರುವುದು ಹಾಗೆ ಹಿಂದೆ ಬಿದ್ದ ಪುಟಗಳಲ್ಲಿ. ಮರದ ತಿರುಳಿನ ಕಾಗದದಲ್ಲಿ ಆಮ್ಲವಿರುತ್ತದೆ. ಹಳದಿಯಾಗಿ, ಗರಿಗರಿಯಾಗಿ, ತಿರುವುವ ಬೆರಳಿನಲ್ಲೇ ಪುಡಿಯಾಗುತ್ತದೆ. ಗ್ರಂಥಾಲಯಗಳು ಬಹುಕಾಲ ಇವನ್ನು ಸಂಗ್ರಹಿಸಲಿಲ್ಲ. ಉಳಿಸಿದವರು ಹವ್ಯಾಸಿ ಸಂಗ್ರಾಹಕರು.

ಕನ್ನಡದಲ್ಲೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿ, ಅದರಿಂದಲೇ ಓದಿನ ರುಚಿ ಹತ್ತಿಸಿಕೊಂಡವರು ಈ ಸಭೆಯಲ್ಲಿ ಇರಬಹುದು. ಆ ಪುಸ್ತಕಗಳ ಮೊದಲ ಮುದ್ರಣಗಳನ್ನು ಹೊದಿಕೆ, ಬೆಲೆ, ಹಿಂಬದಿಯ ಜಾಹೀರಾತು ಸಮೇತ ಕಾಪಾಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ. ಕಥೆಯನ್ನು ಮರುಮುದ್ರಿಸಿದರೆ ಸಾಲದು. ಪುಸ್ತಕವನ್ನು ಯಾರು ಅಚ್ಚು ಹಾಕಿದರು, ಎಷ್ಟಕ್ಕೆ ಮಾರಿದರು, ಲೇಖಕನಿಗೆ ಏನು ಕೊಟ್ಟರು, ಯಾವ ಅಂಗಡಿಯ ಮುದ್ರೆ ಬಿದ್ದಿದೆ, ಎಷ್ಟು ಕೈ ದಾಟಿದೆ ಎಂಬುದು ಆ ಹಳೆಯ ಪ್ರತಿಯಲ್ಲಿ ಮಾತ್ರ ಉಳಿದಿರುತ್ತದೆ.